ಮೇಕಿ ಮೇಕಿಯೋ ಮೈಕ್ರೋಬಿಟ್ಟೋ: ಮಳೆಗಾಲದಲ್ಲಿ ಆಡಿ ನೋಡಿದ್ದು

ಮೇಕಿ ಮೇಕಿ, ಮೈಕ್ರೋಬಿಟ್ ಎರಡೂ ಮಕ್ಕಳು ಕೋಡಿಂಗ್ ಕಲಿಯಲು ಬಳಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೇಕಿ ಮೇಕಿಗೆ. ಸೋಮವಾರಪೇಟೆ ಹತ್ತಿರದ ನಮ್ಮೂರಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಾಲ್ಕು, ಐದನೇ ಕ್ಲಾಸಿನ 12 ಮಕ್ಕಳ ಕೈಲಿ ಕೋಡಿಂಗ್ ಆಟ ಮಾಡಿಸುತ್ತೇನೆ. ಇರುವುದು ಒಂದೇ ಹಳೇ ಲ್ಯಾಪ್‌ಟಾಪ್.

ಮೊದಲು ಗೆಳತಿಯ ಮೈಕ್ರೋಬಿಟ್ ಎರವಲು ತಂದಿದ್ದೆ. 25 ಪುಟ್ಟ ದೀಪ, ಎರಡು ಬಟನ್, ಅಲುಗಾಡಿಸಿದರೂ ಅದಕ್ಕೆ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಬರೆದ ಕೋಡ್ ಒಮ್ಮೆ ಅದಕ್ಕೆ ಇಳಿಸಿದರೆ ಎರಡು ಸೆಲ್ಲಿನಲ್ಲೇ ಓಡುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ. ಆದರೆ ಇಬ್ಬರು ಲ್ಯಾಪ್‌ಟಾಪ್ ಮುಂದೆ ಇದ್ದಾಗ ಉಳಿದ ಹತ್ತು ಮಕ್ಕಳು ಸುಮ್ನೆ ಕೂತಿರಬೇಕು. ಅದು ನನಗೆ ಆಗಲಿಲ್ಲ.

ಮೇಕಿ ಮೇಕಿ ಅಂದರೆ ಕಂಪ್ಯೂಟರಿಗೆ ಇನ್ನೊಂದು ಕೀಬೋರ್ಡ್ ಇದ್ದ ಹಾಗೆ. ಒಂದು ಕೈಯಲ್ಲಿ ಬೋರ್ಡಿನದೇ ಅರ್ಥಿಂಗ್ ವೈರ್ (ಮನೆಯ ಕರೆಂಟಿನ ಅರ್ಥಿಂಗ್ ಅಲ್ಲ) ಹಿಡಿದು, ಇನ್ನೊಂದು ಕೈಯಲ್ಲಿ ಕ್ಲಿಪ್ ಸಿಕ್ಕಿಸಿದ ಕಿತ್ತಳೆ ಹಣ್ಣು ಮುಟ್ಟಿದರೆ ಬಾಣದ ಕೀ ಒತ್ತಿದಂತೆ. ನಮ್ಮ ಮಕ್ಕಳು ತೋಟಕ್ಕೆ ನುಗ್ಗಿದ ಆನೆಯನ್ನು ಕಾಡಿಗೆ ದಾಟಿಸುವ ಆಟ ಮಾಡಿದರು. ಇಬ್ಬರು ಸ್ಕ್ರ್ಯಾಚ್‌ನಲ್ಲಿ (ಬ್ಲಾಕ್ ಜೋಡಿಸಿ ಕೋಡ್ ಮಾಡುವ ತಂತ್ರಾಂಶ) ಕೋಡ್ ಜೋಡಿಸುವಾಗ ಉಳಿದವರು ರಟ್ಟು ಕತ್ತರಿಸಿ ನಾಲ್ಕು ಕಡೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರು. ವೈರ್ ಹಿಡಿಯುವ ತಾಪತ್ರಯ ಬೇಡ ಅಂತ ರಟ್ಟಿನ ಅಂಚಿಗೂ ಫಾಯಿಲ್ ಪಟ್ಟಿ ಅಂಟಿಸಿ, ಅದಕ್ಕೇ ಅರ್ಥಿಂಗ್ ಕೊಟ್ಟೆವು.

ಜೂನ್‌ವರೆಗೆ ಚೆನ್ನಾಗಿತ್ತು. ಜುಲೈನಲ್ಲಿ ಮಳೆ ಹಿಡಿದುಕೊಂಡಿತು ನೋಡಿ, ಒಬ್ಬಳು ಕೂಗಿದಳು, "ಅಕ್ಕಾ, ಆನೆ ತಾನೇ ಹೋಗ್ತಾ ಇದೆ!" ಯಾರೂ ಮುಟ್ಟಿರಲಿಲ್ಲ. ಆನೆ ಎಡಕ್ಕೆ ಹೋಗಿ ಬೇಲಿಗೆ ಅಂಟಿಕೊಂಡು ಅಲ್ಲೇ ನಿಂತಿತ್ತು. ಕೋಡ್ ತಪ್ಪಿರಬೇಕು ಅಂತ ಎರಡು ಸಂಜೆ ಒಂದೊಂದೇ ಬ್ಲಾಕ್ ಬಿಚ್ಚಿ ನೋಡಿದೆ. ಏನೂ ಸಿಗಲಿಲ್ಲ. ಕೊನೆಗೆ ಕ್ಲಿಪ್‌ಗಳನ್ನು ಒಂದೊಂದಾಗಿ ತೆಗೆದಾಗ, ಎಡದ ಕ್ಲಿಪ್ ಬಿಚ್ಚಿದ ಕೂಡಲೇ ಆನೆ ಸುಮ್ಮನಾಯಿತು.

ತಪ್ಪು ಬೋರ್ಡಿನದಲ್ಲ, ರಟ್ಟಿನದು. ಬೆರಳಿನ ಮೂಲಕ ಹರಿಯುವ ಚೂರೇ ಚೂರು ಕರೆಂಟನ್ನೂ ಗುರುತಿಸಲಿ ಅಂತ ಆ ಬೋರ್ಡಿನಲ್ಲಿ 22 ಮೆಗಾಓಮ್‌ನ, ಅಂದರೆ ಕರೆಂಟನ್ನು ತುಂಬಾ ತಡೆಯುವ ರೆಸಿಸ್ಟರ್ ಇಟ್ಟಿರುತ್ತಾರೆ. ಹಾಗಾಗಿ ಥಂಡಿ ಹಿಡಿದ ರಟ್ಟು ಕೂಡ ಅದಕ್ಕೆ ಬೆರಳಿನಂತೆಯೇ! ಒಲೆ ಪಕ್ಕ ಇಟ್ಟು ಒಣಗಿಸಿದೆ, ಸರಿಹೋಯಿತು, ಮಾರನೇ ದಿನ ಮತ್ತೆ ಅದೇ ಕತೆ. ಆಮೇಲೆ ಮಕ್ಕಳೇ ಹಳೇ ಪ್ಲಾಸ್ಟಿಕ್ ಫೈಲ್ ಕತ್ತರಿಸಿ ಫಾಯಿಲ್ ಅಡಿಗೆ ಹಾಕಿದರು. ಅರ್ಥಿಂಗ್ ಪಟ್ಟಿಯನ್ನು ರಟ್ಟಿನಿಂದ ಕಿತ್ತು ಬೇರೆ ಹಾಳೆಗೆ ಅಂಟಿಸಿದೆವು. ಅಲ್ಲಿಂದ ಈಚೆಗೆ ಆನೆ ಹೇಳಿದ ಮಾತು ಕೇಳುತ್ತಿದೆ.

ಬೆಲೆಯಲ್ಲಿ ಮೈಕ್ರೋಬಿಟ್ಟೇ ಕಡಿಮೆ. ಆದರೆ ನನ್ನ ಗುಂಪಿಗೆ ಅದು ನಾಲ್ಕಾದರೂ ಬೇಕು, ಜೊತೆಗೆ ಇನ್ನೊಂದು ಲ್ಯಾಪ್‌ಟಾಪ್. ನಿಮ್ಮಲ್ಲಿ ಕಂಪ್ಯೂಟರ್ ಜಾಸ್ತಿ ಇದ್ದು ಮಕ್ಕಳು ಏಳು, ಎಂಟನೇ ಕ್ಲಾಸಿನವರಾದರೆ ಅದನ್ನೇ ತಗೊಳ್ಳಿ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ಗಂಟೆ ಬಂದರೆ ಹೆಚ್ಚು, ಹಾಗಾಗಿ ಕರೆಂಟಿಲ್ಲದ ಶನಿವಾರ ನಾನೂ ಗೆಳತಿಯ ಮೈಕ್ರೋಬಿಟ್ಟನ್ನೇ ಕೇಳಿ ತರುತ್ತೇನೆ.