ಕೈಬೆರಳಲ್ಲಿ ಹಿಡಿಯೋ ಇಸಿಜಿ ಮಷೀನ್, 6 ತಿಂಗ್ಳು ಬಳಸಿದ್ಮೇಲೆ

ಅಪ್ಪಂಗೆ ಇದ್ದಕ್ಕಿದ್ದಂಗೆ ಎದೆ ಡವಡವ ಅನ್ನೋದು, ಇಪ್ಪತ್ತು ನಿಮಿಷ ಇದ್ದು ತಾನಾಗೇ ಸರಿಹೋಗೋದು, ಆಸ್ಪತ್ರೆಗೆ ಓಡಿ ಇಸಿಜಿ ತೆಗ್ಸೋ ಹೊತ್ತಿಗೆ ಎಲ್ಲಾ ನಾರ್ಮಲ್. 24 ಗಂಟೆ ಹೋಲ್ಟರ್ (ಮೈಗೆ ಕಟ್ಟಿ ಬಿಡದೆ ಇಸಿಜಿ ದಾಖಲಿಸೋ ಮಷೀನ್) ಕಟ್ಟಿದ್ರು, ಆವತ್ತೇ ಡವಡವ ಬರ್ಲಿಲ್ಲ. ಟೆನ್ಷನ್ ಇರ್ಬೇಕು ಬಿಡಿ ಅಂದ್ರು ಎಲ್ರೂ, ಅಪ್ಪನೂ ಹಂಗೇ ಅನ್ಕೊಂಡು ಹೇಳೋದೇ ನಿಲ್ಸಿದ್ರು, ನಂಗೆ ಅದೇ ಭಯ ಆಗಿದ್ದು.

ಆಗ ತಗೊಂಡಿದ್ದು ಇದು. ಎರಡು ಲೋಹದ ಪಟ್ಟಿ, ಎರಡೂ ಕೈಬೆರಳಿಟ್ಟು 30 ಸೆಕೆಂಡ್ ಅಲ್ಲಾಡ್ದೆ ಕೂತ್ರೆ ಫೋನಲ್ಲಿ ಗೆರೆ ಬರುತ್ತೆ, ಪಿಡಿಎಫ್ ಮಾಡಿ ಕಳಿಸ್ಬಹುದು. ಒಂದಿನ ರಾತ್ರಿ ಎರಡೂಕಾಲಿಗೆ ಅಪ್ಪ ಎಬ್ಬಿಸಿದ್ರು, ಆ ರೆಕಾರ್ಡಿಂಗ್ ನೋಡಿದ್ರೆ ಗೆರೆಯಲ್ಲಿ ಬಡಿತಕ್ಕೊಂದು ಏಳೋ ಮುಳ್ಳುಗಳು ಒಂದು ಹತ್ರ ಒಂದು ದೂರ, ಯಾವ ಲೆಕ್ಕಕ್ಕೂ ಸಿಗ್ತಿರ್ಲಿಲ್ಲ. ಪ್ರತಿ ಮುಳ್ಳಿಗೂ ಮುಂಚೆ ಒಂದು ಸಣ್ಣ ಉಬ್ಬು ಇರ್ಬೇಕಂತೆ, ಪಿ ವೇವ್ ಅಂತಾರೆ, ಅದೇ ಇಲ್ಲ ಅಂತ ಡಾಕ್ಟರ್ ಪೆನ್ನಿಟ್ಟು ತೋರ್ಸಿದ್ರು. ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡೋ ಬದ್ಲು ನಡುಗ್ತವೆ, ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದ್ರೆ ಸ್ಟ್ರೋಕ್, ಆ ಅಪಾಯ ಸುಮಾರು 5 ಪಟ್ಟು ಜಾಸ್ತಿ. ಅಪ್ಪಂಗೆ ವಯಸ್ಸೂ ಆಗಿದೆ ಬಿಪಿನೂ ಇದೆ, ಹಾಗಾಗಿ ರಕ್ತ ಹೆಪ್ಪುಗಟ್ಟದಂಗೆ ಒಂದು ಮಾತ್ರೆ, ವೇಗ ಇಳ್ಸೋಕೆ ಬೀಟಾ ಬ್ಲಾಕರ್, ಜೊತೆಗೆ ಎಕೋ (ಹೃದಯದ ಸ್ಕ್ಯಾನ್) ಮತ್ತೆ ಥೈರಾಯ್ಡ್ ಟೆಸ್ಟ್ (ಥೈರಾಯ್ಡ್ ಜಾಸ್ತಿ ಆದ್ರೂ ಹಿಂಗಾಗುತ್ತಂತೆ). ಮಾತ್ರೆಗೆ ಬಗ್ಗದಿದ್ರೆ ಅಬ್ಲೇಷನ್ (ಲಯ ತಪ್ಪಿಸೋ ಹೃದಯದ ಜಾಗನ ನಳಿಗೆ ಹಾಕಿ ನಿಷ್ಕ್ರಿಯ ಮಾಡೋ ಚಿಕಿತ್ಸೆ) ಇದೆ ಅಂದ್ರು. ಎದೆ ಡವಡವ ನಿಂತ್ರೂ ಹೆಪ್ಪಿನ ಮಾತ್ರೆ ನಮ್ಮಷ್ಟಕ್ಕೆ ನಾವೇ ನಿಲ್ಸಂಗಿಲ್ಲ, ಇದನ್ನ ಎರಡು ಸಲ ಹೇಳಿದ್ರು.

ತೊಂದ್ರೆಗಳೂ ಇವೆ. ಬೆರಳು ಒಣಗಿದ್ರೆ ಗೆರೆ ಬರಲ್ಲ, ಸ್ವಲ್ಪ ಒದ್ದೆ ಮಾಡ್ಕೋಬೇಕು. ಕೈ ನಡುಗಿದ್ರೆ ಬರೀ ಗೀಚು. ನಂದೇ ಒಂದಿನ ನೋಡ್ಕೊಂಡೆ, ಫಿಬ್ರಿಲೇಷನ್ ಇರ್ಬಹುದು ಅಂತ ಬಂತು, ರಾತ್ರಿಯೆಲ್ಲಾ ನಿದ್ದೆ ಇಲ್ಲ, ಡಾಕ್ಟರ್ ನೋಡಿ ಅವಧಿಗೆ ಮುಂಚೆ ಬೀಳೋ ಒಂದೆರಡು ಬಡಿತ ಅಷ್ಟೇ, ಎಷ್ಟೋ ಜನಕ್ಕೆ ಇರುತ್ತೆ ಅಂದ್ರು. ಸೋ ಆ್ಯಪ್ ಏನು ಬರೆದಿದೆ ಅನ್ನೋದಕ್ಕಿಂತ ಗೆರೆ ಮುಖ್ಯ, ಅದನ್ನ ಓದೋರು ಓದ್ಬೇಕು. ಇನ್ನೊಂದು, ಇದು ಒಂದೇ ಲೀಡ್, ಅಂದ್ರೆ ಹೃದಯನ ಒಂದೇ ಕೋನದಿಂದ ನೋಡುತ್ತೆ, ಹಾರ್ಟ್ ಅಟ್ಯಾಕ್ ಹೇಳಲ್ಲ. ಎದೆನೋವು, ತಲೆ ಸುತ್ತಿ ಬೀಳೋದು, ಉಸಿರು ಕಟ್ಟೋದು ಇದ್ರೆ ದಯವಿಟ್ಟು ಬೆರಳಿಟ್ಕೊಂಡು ಕೂರ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

5ಕ್ಕೆ 4 ಕೊಡ್ತೀನಿ, ಒಂದು ಕಟ್ ಮಾಡಿದ್ದು ನಂಗೆ ನಿದ್ದೆ ಕೆಡಿಸಿದ ಆ ರಾತ್ರಿಗೆ. ಅಪ್ಪ ಈಗ ದಿಂಬಿನ ಪಕ್ಕ ಇಟ್ಕೊಂಡೇ ಮಲಗ್ತಾರೆ, ಡವಡವ ಶುರುವಾದ್ರೆ ಮುಚ್ಚಿಡದೆ ಗೆರೆ ತೆಗೆದು ನಂಗೆ ಕಳಿಸ್ತಾರೆ.