ಒಎಲ್‌ಸಿ ಅಭಿಪ್ರಾಯಗಳ ತಾಣ: ತಲೆಬರಹಕ್ಕಿಂತ ಅಡಿಟಿಪ್ಪಣಿ ಮುಖ್ಯ

ಅಮೆರಿಕದ ನ್ಯಾಯ ಇಲಾಖೆಯ ಆಫೀಸ್ ಆಫ್ ಲೀಗಲ್ ಕೌನ್ಸೆಲ್, ಅಂದರೆ ಒಎಲ್‌ಸಿ, ಅಧ್ಯಕ್ಷರಿಗೂ ಇಲಾಖೆಗಳಿಗೂ ಕೊಡುವ ಕಾನೂನು ಅಭಿಪ್ರಾಯಗಳಲ್ಲಿ ಆಯ್ದ ಕೆಲವನ್ನು ತನ್ನ ತಾಣದಲ್ಲಿ ಹಾಕುತ್ತದೆ. ಓದಲು ದುಡ್ಡಿಲ್ಲ, ಪಿಡಿಎಫ್ ಇಳಿಸಿಕೊಳ್ಳಬಹುದು. ಪ್ರತಿ ಅಭಿಪ್ರಾಯದ ತಲೆಯಲ್ಲೇ ತೀರ್ಮಾನ ಎರಡು ಮೂರು ಸಾಲಲ್ಲಿ ಇರುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಅಧಿಕಾರ ಬೆಳೆಯುವ ಬಗೆ ಕಣ್ಣಿಗೆ ಬೀಳುವುದೇ ಇಲ್ಲ.

2011ರ ಏಪ್ರಿಲ್ 1ರ ಲಿಬಿಯಾ ಅಭಿಪ್ರಾಯವನ್ನು ತೆರೆಯಿರಿ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಅನುಮತಿ ಪಡೆಯದೆ ಅಧ್ಯಕ್ಷರು ದಾಳಿ ಮಾಡಿಸಬಹುದೇ ಎಂಬುದು ಪ್ರಶ್ನೆ. ಉತ್ತರ ಎರಡು ಅಳತೆಗಳ ಮೇಲೆ ನಿಂತಿದೆ: ಮಹತ್ವದ ರಾಷ್ಟ್ರೀಯ ಹಿತಾಸಕ್ತಿ ಇದೆಯೇ? ಕಾರ್ಯಾಚರಣೆಯ ಸ್ವರೂಪ, ವ್ಯಾಪ್ತಿ, ಅವಧಿ ಸಂವಿಧಾನ ಹೇಳುವ 'ಯುದ್ಧ'ದ ಮಟ್ಟ ಮುಟ್ಟುತ್ತದೆಯೇ? ಈಗ ಅಡಿಟಿಪ್ಪಣಿಗಳ ಜೊತೆಗೆ ಉಲ್ಲೇಖಗಳನ್ನೂ ಹಿಡಿದು ಹಿಂದಕ್ಕೆ ಹೋಗಿ. 1995ರ ಬೋಸ್ನಿಯಾ, 1994ರ ಹೈಟಿ ಸಿಗುತ್ತವೆ, ಅವೂ ಒಎಲ್‌ಸಿಯವೇ. ಮುಂದಕ್ಕೆ ಬನ್ನಿ: ಸಿರಿಯಾ ಮೇಲಿನ ದಾಳಿಗೆ 2018ರ ಮೇ 31ರಂದು ಕೊಟ್ಟ ಸಮರ್ಥನೆಯಲ್ಲಿ ಅದೇ ಅಳತೆಗೋಲು. ಅಧಿಕಾರದಲ್ಲಿದ್ದ ಪಕ್ಷ ಬದಲಾಯಿತು, ಅಳತೆಗೋಲು ಬದಲಾಗಲಿಲ್ಲ. ಕೋರ್ಟಿನ ತೀರ್ಪು ಇರಬೇಕಾದ ಜಾಗದಲ್ಲಿ ಕಚೇರಿಯ ಹಳೆಯ ಮಾತೇ ಆಧಾರವಾಗಿ ಕೂತಿದೆ. ನನ್ನ ದೃಷ್ಟಿಯಲ್ಲಿ ಈ ಸರಪಳಿಯನ್ನು ಯಾರು ಬೇಕಾದರೂ ಕೊಂಡಿಕೊಂಡಿಯಾಗಿ ಪರೀಕ್ಷಿಸಬಹುದು ಎಂಬುದೇ ತಾಣದ ದೊಡ್ಡ ಉಪಕಾರ.

ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಕ್ರಿಮಿನಲ್ ದೋಷಾರೋಪ ಹೊರಿಸಲಾಗದು ಎಂಬ ಒಎಲ್‌ಸಿಯ 1973ರ ನಿಲುವು 2000ದಲ್ಲಿ ಮತ್ತೆ ಗಟ್ಟಿಯಾಯಿತು. 2016ರ ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪದ ತನಿಖೆ ನಡೆಸಿದ ವಿಶೇಷ ವಕೀಲ ರಾಬರ್ಟ್ ಮುಲ್ಲರ್ ಅವರ 2019ರ ವರದಿ ಅದಕ್ಕೆ ಬದ್ಧವಾಯಿತು. ಕೋರ್ಟು ಕೈಹಾಕಿದಾಗ ಮಾತ್ರ ಚಿತ್ರ ಬದಲಾಗುತ್ತದೆ. ಸೆನೆಟ್ಟಿನ ನಾಮಮಾತ್ರದ ಕಲಾಪಗಳ ನಡುವೆಯೂ ಅಧ್ಯಕ್ಷರು ವಿರಾಮಕಾಲದ ನೇಮಕ, ಅಂದರೆ ಸೆನೆಟ್ ಬಿಡುವಿನಲ್ಲಿದ್ದಾಗ ಅದರ ಒಪ್ಪಿಗೆ ಇಲ್ಲದೆ ಮಾಡುವ ನೇಮಕ, ಮಾಡಬಹುದೆಂದು 2012ರ ಜನವರಿ 6ರಂದು ಒಎಲ್‌ಸಿ ಹೇಳಿತ್ತು. 2014ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಹಾಗೆ ಮಾಡಿದ್ದ ನೇಮಕಗಳನ್ನು ಅಸಿಂಧು ಎಂದರು. ಹಾಗಾಗಿ ಯಾವ ಅಭಿಪ್ರಾಯ ಓದಿದರೂ ಅದೇ ವಿಷಯದ ತೀರ್ಪನ್ನು ಪಕ್ಕದಲ್ಲಿಟ್ಟುಕೊಳ್ಳಿ. ಯುದ್ಧಾಧಿಕಾರದ ಕಡತವಾದರೆ ಅಧ್ಯಕ್ಷರ ಅಧಿಕಾರಕ್ಕೆ ಮಿತಿ ಹಾಕಿದ ಸುಪ್ರೀಂ ಕೋರ್ಟಿನ 1952ರ ಯಂಗ್ಸ್‌ಟೌನ್ ತೀರ್ಪಿನ ಹೆಸರನ್ನು ಹುಡುಕಿ. ಬಂಧಿತರ ವಿಚಾರಣೆಯಲ್ಲಿ ಯಾವುದು ಚಿತ್ರಹಿಂಸೆ ಎಂಬ ಬಗ್ಗೆ ಒಎಲ್‌ಸಿ 2002ರ ಆಗಸ್ಟ್ 1ರಂದು ಬರೆದ ಮೆಮೊದಲ್ಲಿ ಅದರ ಸುಳಿವೇ ಇರಲಿಲ್ಲ.

ತಾಣದ ಗಂಭೀರ ಕೊರತೆಯೂ ಆ ಮೆಮೊದಿಂದಲೇ ಗೊತ್ತಾಗುತ್ತದೆ. ಏನು ಪ್ರಕಟವಾಗಬೇಕೆಂದು ಆರಿಸುವುದು ಕಚೇರಿಯೇ. ಸುಮಾರು ಎರಡು ವರ್ಷ ಗುಟ್ಟಾಗಿದ್ದ ಮೆಮೊ 2004ರ ಜೂನ್‌ನಲ್ಲಿ ಸೋರಿಕೆಯಾಗಿ ಪತ್ರಿಕೆಗಳ ಮೂಲಕ ಜನರಿಗೆ ತಲುಪಿತು. ಅದೇ ತಿಂಗಳು ಒಎಲ್‌ಸಿ ಅದನ್ನು ಹಿಂಪಡೆಯಿತು.