ಮನೆಯ ಕಂಪ್ಯೂಟರಿಗೆ ಡಿಫೆಂಡರ್ ಸಾಕು, ಕಷ್ಟ ಇರುವುದು ಉಳಿದವನ್ನು ತೆಗೆಯುವುದರಲ್ಲಿ

ಹೊಸ ಲ್ಯಾಪ್‌ಟಾಪಿನ ಬಿಲ್ಲಿಗೆ ಒಂದು ಆ್ಯಂಟಿವೈರಸ್ ಡಬ್ಬವನ್ನೂ ಸೇರಿಸುವ ಕ್ರಮ ಮಂಜೇಶ್ವರದಿಂದ ಹೊಸದುರ್ಗದವರೆಗೆ ಇನ್ನೂ ಉಂಟು. ಮಕ್ಕಳ ಪ್ರಾಜೆಕ್ಟು, ತೋಟದ ಲೆಕ್ಕ, ಬ್ಯಾಂಕು, ಒಂದಿಷ್ಟು ಫೋಟೋ, ಇಷ್ಟೇ ಕೆಲಸವಿರುವ ವಿಂಡೋಸ್ 11 ಕಂಪ್ಯೂಟರಿಗೆ ಆ ಡಬ್ಬ ಬೇಡ. ವಿಂಡೋಸಿನ ಒಳಗೇ ಕೂತಿರುವ ಮೈಕ್ರೋಸಾಫ್ಟಿನ ಡಿಫೆಂಡರ್ ಸಾಕು. 2012ರ ವಿಂಡೋಸ್ 8ರಿಂದ ಅದು ಪೂರ್ಣ ಆ್ಯಂಟಿವೈರಸ್. ಮೊದಲ ಕೆಲವು ವರ್ಷ ಪರೀಕ್ಷೆಗಳಲ್ಲಿ ಹಿಂದೆ ಬಿದ್ದದ್ದು ನಿಜ. ಈಗ ಎವಿ-ಟೆಸ್ಟಿನಂಥ ಸ್ವತಂತ್ರ ಪ್ರಯೋಗಾಲಯಗಳಲ್ಲಿ ದುಡ್ಡಿನವುಗಳ ಸಾಲಿನಲ್ಲೇ ನಿಲ್ಲುತ್ತದೆ.

ಪುಕ್ಕಟೆ ಆ್ಯಂಟಿವೈರಸ್‌ಗಳ ವಿಷಯ ಬೇಗ ಮುಗಿಯುತ್ತದೆ. ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ನಾಲ್ಕೂ ಇಂದು ಜೆನ್ ಡಿಜಿಟಲ್ ಎಂಬ ಒಂದೇ ಕಂಪೆನಿಯವು, ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಿದರೆ ಮನೆ ಬದಲಾಗುವುದಿಲ್ಲ. ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ ಅವಾಸ್ಟ್ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಂದಿಗೆ 1.65 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಪುಕ್ಕಟೆಯೇ ಬೇಕಿದ್ದರೆ ಡಿಫೆಂಡರೂ ಪುಕ್ಕಟೆ.

ದುಡ್ಡಿನವುಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಕಾಣುವುದು ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7. ಇವು ಕೆಟ್ಟವೇನಲ್ಲ. ಒಂದು ವಿಷಯದಲ್ಲಿ ಡಿಫೆಂಡರ್ ನಿಜಕ್ಕೂ ಹಿಂದೆ: ಅದರ ಅರ್ಧ ಬುದ್ಧಿ ಮೈಕ್ರೋಸಾಫ್ಟಿನ ಸರ್ವರಿನಲ್ಲಿರುತ್ತದೆ, ನೆಟ್ ಇಲ್ಲದಾಗ ಹೊಸ ವೈರಸ್ಸನ್ನು ಗುರುತಿಸುವ ಶಕ್ತಿ ಕುಂದುತ್ತದೆ. ವಾರಗಟ್ಟಲೆ ನೆಟ್ ಕಾಣದೆ, ಊರೆಲ್ಲ ಸುತ್ತಿದ ಪೆನ್ ಡ್ರೈವ್‌ಗಳನ್ನಷ್ಟೇ ಕಾಣುವ ಕಂಪ್ಯೂಟರಾದರೆ ದುಡ್ಡು ಕೊಡಲು ಕಾರಣ ಉಂಟು.

ಇನ್ನು ನಿಜವಾದ ಕಿರಿಕಿರಿ. ಲ್ಯಾಪ್‌ಟಾಪಿನೊಂದಿಗೆ ಬಂದ ಟ್ರಯಲ್ ಆ್ಯಂಟಿವೈರಸ್ಸಿನ ಅವಧಿ ಮುಗಿಯುತ್ತದೆ. ಎರಡು ಆ್ಯಂಟಿವೈರಸ್ ಜಗಳವಾಡಬಾರದೆಂದು, ಬೇರೊಂದು ಇದ್ದಷ್ಟು ದಿನ ಡಿಫೆಂಡರ್ ತಾನಾಗಿ ಮಲಗಿರುತ್ತದೆ. ಅದು ಹೋದಾಗ ಏಳಬೇಕು, ನಿಯಮ ಹಾಗೆ. ಆದರೆ ಅರೆಬರೆ ತೆಗೆದರೆ ಹಳೆಯದರ ಹೆಸರು ವಿಂಡೋಸಿನ ದಾಖಲೆಯಲ್ಲಿ ಉಳಿದುಬಿಡುತ್ತದೆ. ಆಗ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ.

ಆದ್ದರಿಂದ ಕ್ರಮವಾಗಿ ತೆಗೆಯಿರಿ. ಮೊದಲು ಅಳಿದುಳಿದದ್ದನ್ನು ತೆಗೆಯುವ ಆ ಕಂಪೆನಿಯದೇ ರಿಮೂವಲ್ ಟೂಲನ್ನು ಅದರ ಸ್ವಂತ ಜಾಲತಾಣದಿಂದ ಇಳಿಸಿಟ್ಟುಕೊಳ್ಳಿ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ. ಜೊತೆಗೆ ಬಂದ ವಿಪಿಎನ್, ಸೇಫ್ ಬ್ರೌಸರ್, ಬ್ರೌಸರಿನ ಎಕ್ಸ್‌ಟೆನ್ಷನ್ನುಗಳನ್ನು ಒಂದೊಂದಾಗಿ ಬೇರೆಯೇ ತೆಗೆಯಬೇಕು. ಆಮೇಲೆ ರೀಸ್ಟಾರ್ಟ್ ಒತ್ತಿ, ಶಟ್ ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸಿನ ತಿರುಳು ಹಾಗೇ ಡಿಸ್ಕಿನಲ್ಲಿ ಉಳಿದು ಮರುದಿನ ಎದ್ದುಬರುತ್ತದೆ, ಹಳೆಯ ಡ್ರೈವರುಗಳ ಸಮೇತ. ಅನೇಕರು ಎಡವುವುದು ಇಲ್ಲೇ.

ಈಗ ವಿಂಡೋಸ್ ಸೆಕ್ಯುರಿಟಿ ತೆರೆದು, ಅದರ ಸೆಟ್ಟಿಂಗ್ಸ್‌ನಲ್ಲಿರುವ ಮ್ಯಾನೇಜ್ ಪ್ರೊವೈಡರ್ಸ್ ನೋಡಿ. ಅಲ್ಲಿ ಇನ್ನೂ ಹಳೆಯ ಹೆಸರಿದ್ದರೆ ಇಳಿಸಿಟ್ಟ ಟೂಲನ್ನು ಓಡಿಸಬೇಕು, ಕೆಲವಕ್ಕೆ ಸೇಫ್ ಮೋಡೇ (ವಿಂಡೋಸ್ ತೀರಾ ಅಗತ್ಯವಾದದ್ದನ್ನಷ್ಟೇ ಓಡಿಸುವ ಸ್ಥಿತಿ) ಬೇಕು. ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿದರೆ ಆ ದಾರಿ ಸಿಗುತ್ತದೆ: ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಕೊನೆಗೆ 4ರ ಕೀಲಿ. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನದೇ ಗೂಢಲಿಪಿಯ ಬೀಗ ಬಿದ್ದಿದ್ದರೆ ಅಲ್ಲಿ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ನಿಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಆ ಅಂಕಿಗಳನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡೇ ಕೈ ಹಾಕಿ.

ಇಷ್ಟಾದರೂ ಹಣ ಕಡಿತ ನಿಲ್ಲುವುದಿಲ್ಲ! ತಂತ್ರಾಂಶ ತೆಗೆದದ್ದು ಬೇರೆ, ಚಂದಾ ರದ್ದು ಮಾಡುವುದು ಬೇರೆ. ಕಂಪೆನಿಯ ಖಾತೆಯಲ್ಲಿ ಆಟೋ ರಿನ್ಯೂವಲ್ ಆಫ್ ಮಾಡಿ, ಯುಪಿಐ ಆ್ಯಪಿನಲ್ಲಿ ಆಟೋಪೇ ಮ್ಯಾಂಡೇಟನ್ನೂ ರದ್ದು ಮಾಡಿ. "ನಿಮ್ಮ ಆ್ಯಂಟಿವೈರಸ್ ಅವಧಿ ಮುಗಿದಿದೆ" ಎಂದು ಪರದೆಯ ಮೂಲೆಯಲ್ಲಿ ಆಮೇಲೂ ಬರುತ್ತಿದ್ದರೆ ಅದು ಹೆಚ್ಚಾಗಿ ಯಾವುದೋ ಜಾಲತಾಣಕ್ಕೆ ನೀವು ಅಲೋ ಒತ್ತಿದ್ದರ ಫಲ. ಕ್ರೋಮಿನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ನಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ಅಳಿಸಿ.

ಇನ್ನು ವೇಗದ ವಿಷಯ. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಡಿಫೆಂಡರೂ ತೆವಳುತ್ತದೆ, ಅದಕ್ಕೆ ಮದ್ದು 256 ಜಿಬಿಯ ಎಸ್‌ಎಸ್‌ಡಿ.

ಪೆನ್ ಡ್ರೈವ್ ವಿಷಯದಲ್ಲಿ ಎಚ್ಚರ ಬೇಕು. ಡಿಫೆಂಡರಿನ ಫುಲ್ ಸ್ಕ್ಯಾನ್ ಸಾಮಾನ್ಯವಾಗಿ ಪೆನ್ ಡ್ರೈವ್ ಮುಟ್ಟುವುದಿಲ್ಲ. ಪ್ರಿಂಟ್ ಹಾಕಿಸಿಕೊಂಡು ಬಂದಮೇಲೆ ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ನೀವೇ ಸ್ಕ್ಯಾನ್ ಮಾಡಬೇಕು. ಫೈಲುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕಂಡರೆ ಒಂದನ್ನೂ ಒತ್ತಬೇಡಿ. ಅಸಲು ಫೈಲುಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ. ಸ್ಕ್ಯಾನ್ ಆದಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲು ತೋರಿಸುವ ಗುಂಡಿ ಒತ್ತಿ, ಸಿಸ್ಟಮ್ ಫೈಲು ಮುಚ್ಚಿಡುವ ಟಿಕ್ಕನ್ನೂ ತೆಗೆದರೆ ಕಾಣುತ್ತವೆ.

ವಿಂಡೋಸ್ 10ರವರ ಕತೆ ಬೇರೆ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆಂದು ಮೈಕ್ರೋಸಾಫ್ಟ್ ಹೇಳಿದ್ದರೂ ಪಟ್ಟಿ ಬೇರೆ, ವಿಂಡೋಸಿನ ತೂತು ಮುಚ್ಚುವ ಅಪ್‌ಡೇಟಿನ ತೇಪೆ ಬೇರೆ. 2017ರ ಮೇ ತಿಂಗಳಲ್ಲಿ ವಯನಾಡಿನ ಪಂಚಾಯತು ಕಚೇರಿಯ ಕಂಪ್ಯೂಟರುಗಳನ್ನೂ ಬಿಡದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರಿಗೆ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಮದ್ದಾದ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಯಾವ ಡಬ್ಬ ಕೊಂಡರೂ ಆ ತೇಪೆ ಸಿಗುವುದಿಲ್ಲ.

ವಿಂಡೋಸ್ 11 ಹಿಡಿಯದ ಹಳೆಯ ಯಂತ್ರಕ್ಕೆ ವಿಂಡೋಸಿನ ಬದಲು ಪುಕ್ಕಟೆಯ ಲಿನಕ್ಸ್ ಹಾಕಿ. ಇಲ್ಲಿ ಅದು ಹೊಸದಲ್ಲ, ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಸರಕಾರದ ಕೈಟ್ ಸಂಸ್ಥೆಯ ಉಬುಂಟು ಮೂಲದ ಲಿನಕ್ಸ್. ಮನೆಯಲ್ಲಿ ಹೈಸ್ಕೂಲಿಗೆ ಹೋಗುವವರಿದ್ದರೆ ಅವರೇ ತೋರಿಸಿಕೊಡುತ್ತಾರೆ. ಕನ್ನಡಕ್ಕೆ ಐಬಸ್‌ನಲ್ಲಿ (ಲಿನಕ್ಸಿನಲ್ಲಿ ಭಾಷೆ ಬದಲಿಸಿ ಟೈಪಿಸುವ ಏರ್ಪಾಡು) ಕೆಜಿಪಿ ಕೀಲಿಮಣೆ ಉಂಟು, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಕಷ್ಟವಿಲ್ಲ. ಯುನಿಕೋಡ್ ಅಲ್ಲದ ಹಳೆಯ ನುಡಿ ಫೈಲುಗಳನ್ನು ಮಾತ್ರ ಮೊದಲೇ ಪರಿವರ್ತಿಸಿಟ್ಟುಕೊಳ್ಳಿ.

ಉಳಿದ ದುಡ್ಡಿಗೆ 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ. ವಾರಕ್ಕೊಮ್ಮೆ ಕಾಪಿ ಮಾಡಿ, ಮುಗಿದೊಡನೆ ಕೇಬಲ್ ಕಳಚಿ ಇಡಿ. ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ, ತುಲಾ ತಿಂಗಳ ಸಿಡಿಲಿಗಂತೂ ಎರಡೂ ಒಟ್ಟಿಗೇ ಹೋಗುತ್ತವೆ.